ಸಮೀಕರಣ ಬ್ಯಾಲೆನ್ಸ್ ಆಗ್ತಾನೇ ಇಲ್ವಾ? ಯಾವ ಹೆಜ್ಜೆ ಮೊದಲು, ಯಾವುದು ಆಮೇಲೆ ಅನ್ನೋದರ ಪೂರ್ತಿ ಮಾರ್ಗದರ್ಶಿ

ಸಂಜೆ ಹೊತ್ತು ಮನೇಲಿ ಎಂಟ್ಹತ್ತು ಮಕ್ಕಳಿಗೆ ವಿಜ್ಞಾನ ಹೇಳ್ಕೊಡ್ತೀನಿ. ಹತ್ತನೇ ಕ್ಲಾಸಿನ ಮೊದಲ ಪಾಠವೇ ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು, ಜೂನ್‌ನಲ್ಲೇ ಶುರುವಾಗುತ್ತೆ, ಆದ್ರೆ ಫೆಬ್ರವರಿ ಬಂದ್ರೂ ಕೆಲವರಿಗೆ ಸರಿದೂಗಿಸೋದು (ಬ್ಯಾಲೆನ್ಸ್ ಮಾಡೋದು, ಅಂದ್ರೆ ಬಾಣದ ಎರಡೂ ಕಡೆ ಪ್ರತಿ ಧಾತುವಿನ ಪರಮಾಣು ಎಣಿಕೆ ಸಮ ಮಾಡೋದು) ಬಂದಿರಲ್ಲ. ಅವರ ರಫ್ ಹಾಳೆ ಇಸ್ಕೊಂಡು ನೋಡಿದ್ರೆ ಕೂಡೋದು ಗುಣಿಸೋದು ಎಲ್ಲಾ ಸರಿಯಾಗೇ ಇರುತ್ತೆ. ಕೆಲಸದ ಕ್ರಮ ಮಾತ್ರ ತಲೆಕೆಳಗಾಗಿರುತ್ತೆ. ತಪ್ಪು ಸೂತ್ರ ಬರ್ಕೊಂಡು ಅದನ್ನ ಸರಿದೂಗಿಸೋಕೆ ಅರ್ಧ ಗಂಟೆ ಹೆಣಗಾಡಿರ್ತಾರೆ, ಇಲ್ಲಾ ಆಕ್ಸಿಜನ್‌ನಿಂದ ಶುರು ಮಾಡಿ ಒಂದು ಸರಿ ಮಾಡಿದ್ರೆ ಇನ್ನೊಂದು ಕೆಟ್ಟು, ಅದನ್ನ ಸರಿ ಮಾಡಿದ್ರೆ ಮೊದಲಿನದು ಕೆಟ್ಟು, ಕೊನೆಗೆ ಕೆಳಗಿನ ಚಿಕ್ಕ ಅಂಕಿಯನ್ನೇ ತಿದ್ದಿ ಉತ್ತರ ಬಂತು ಅಂತ ಮುಗಿಸಿರ್ತಾರೆ. ವರ್ಷ ವರ್ಷವೂ ಇದೇ ಜಾಗದಲ್ಲೇ ಎಡವೋದು ನೋಡಿ ನೋಡಿ, ಕ್ರಮವಾಗಿ ಒಂದ್ಸಲ ಬರೆದಿಟ್ಟುಬಿಡೋಣ ಅನ್ನಿಸ್ತು.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಇಲ್ಲಿ ಸೂತ್ರಗಳನ್ನ ಕನ್ನಡ ಅಕ್ಷರದಲ್ಲೇ ಬರೆದಿದ್ದೀನಿ. ಎಚ್ ಅಂದ್ರೆ ಹೈಡ್ರೋಜನ್, ಓ ಅಂದ್ರೆ ಆಕ್ಸಿಜನ್, ಎಫ್ಇ ಅಂದ್ರೆ ಕಬ್ಬಿಣ, ಹೀಗೆ. ಎರಡು ಧಾತು ಅಂಟ್ಕೊಂಡು ಓದೋಕೆ ಕಷ್ಟ ಆಗೋ ಕಡೆ ನಡುವೆ ಸಣ್ಣ ಅಡ್ಡಗೆರೆ ಹಾಕಿದ್ದೀನಿ. ಅಡುಗೆ ಉಪ್ಪು ಎನ್ಎ-ಸಿಎಲ್, ಕಾರ್ಬನ್ ಡೈಆಕ್ಸೈಡ್ ಸಿ-ಓ₂. ನಿಮ್ಮ ನೋಟ್‌ಬುಕ್ಕಲ್ಲಿ ಪಠ್ಯಪುಸ್ತಕದಲ್ಲಿ ಇರೋ ಹಾಗೆ ಇಂಗ್ಲಿಷ್ ಅಕ್ಷರದಲ್ಲೇ, ಅಡ್ಡಗೆರೆ ಇಲ್ಲದೆ ಬರೀಬೇಕು.

## ಶುರು ಮಾಡೋ ಮುಂಚೆ ಮುಂದೆ ಇಟ್ಕೋಬೇಕಾದ್ದು

ಪೆನ್ಸಿಲ್, ರಬ್ಬರ್, ಒಂದು ಕಡೆ ಖಾಲಿ ಇರೋ ಹಳೇ ಹಾಳೆಗಳು. ಪೆನ್ನಲ್ಲಿ ಸರಿದೂಗಿಸೋಕೆ ಹೋಗ್ಬೇಡಿ, ಅಂಕಿ ಬದಲಾಗ್ತಾನೇ ಇರುತ್ತೆ, ಹೊಡೆದು ಹಾಕಿ ಹೊಡೆದು ಹಾಕಿ ಕೊನೆಗೆ ಯಾವ ಅಂಕಿ ಲೆಕ್ಕಕ್ಕೆ ಅಂತಾನೇ ಗೊತ್ತಾಗಲ್ಲ.

ಇನ್ನೊಂದು, ನೀವೇ ಕೈಯಲ್ಲಿ ಬರೆದ ವೇಲೆನ್ಸಿ ಪಟ್ಟಿ. ವೇಲೆನ್ಸಿ ಅಂದ್ರೆ ಒಂದು ಧಾತು ಬೇರೆಯದರ ಜೊತೆ ಸೇರೋ ಸಾಮರ್ಥ್ಯ ಎಷ್ಟು ಅಂತ ಹೇಳೋ ಅಂಕಿ. ಅಂಗಡಿಯಲ್ಲಿ ಸಿಗೋ ಚಾರ್ಟ್ ಗೋಡೆಗೆ ಅಂಟಿಸಿದ್ರೆ ಉಪಯೋಗ ಕಮ್ಮಿ, ಬರೆದಾಗ್ಲೇ ತಲೇಲಿ ಕೂರೋದು. ಶಾಲೆ ಮಟ್ಟಕ್ಕೆ ಇಷ್ಟು ಸಾಕು:

ವೇಲೆನ್ಸಿ 1: ಹೈಡ್ರೋಜನ್, ಸೋಡಿಯಂ, ಪೊಟ್ಯಾಸಿಯಂ, ಬೆಳ್ಳಿ, ಕ್ಲೋರಿನ್, ಗುಂಪುಗಳಲ್ಲಿ (ಅಂದ್ರೆ ಅಂಟ್ಕೊಂಡು ಒಂದೇ ಧಾತುವಿನ ಹಾಗೆ ನಡ್ಕೊಳ್ಳೋ ಪರಮಾಣುಗಳಲ್ಲಿ) ಹೈಡ್ರಾಕ್ಸೈಡ್ ಓ-ಎಚ್, ನೈಟ್ರೇಟ್ ಎನ್-ಓ₃, ಅಮೋನಿಯಂ ಎನ್-ಎಚ್₄.

ವೇಲೆನ್ಸಿ 2: ಮೆಗ್ನೀಷಿಯಂ, ಕ್ಯಾಲ್ಸಿಯಂ, ಬೇರಿಯಂ, ಸತು, ಆಕ್ಸಿಜನ್, ಗುಂಪುಗಳಲ್ಲಿ ಸಲ್ಫೇಟ್ ಎಸ್-ಓ₄, ಕಾರ್ಬೊನೇಟ್ ಸಿ-ಓ₃.

ವೇಲೆನ್ಸಿ 3: ಅಲ್ಯೂಮಿನಿಯಂ, ಫಾಸ್ಫೇಟ್ ಪಿ-ಓ₄.

ಎರಡು ಥರ ಇರೋವು: ಕಬ್ಬಿಣ 2 ಮತ್ತು 3, ತಾಮ್ರ 1 ಮತ್ತು 2.

## ಹಂತ 1: ಮೊದಲು ಹೆಸರಲ್ಲೇ ಬರೀರಿ

ಪ್ರಶ್ನೆ ವಾಕ್ಯದಲ್ಲಿ ಕೊಟ್ಟಿದ್ರೆ ನೇರವಾಗಿ ಸೂತ್ರಕ್ಕೆ ಹಾರಬೇಡಿ. ಯಾವುದು ಪ್ರತಿವರ್ತಕ (ಕ್ರಿಯೆಗೆ ಸೇರೋ ವಸ್ತು, ಬಾಣದ ಎಡಕ್ಕೆ), ಯಾವುದು ಉತ್ಪನ್ನ (ಹೊಸದಾಗಿ ಬರೋ ವಸ್ತು, ಬಲಕ್ಕೆ) ಅಂತ ಹೆಸರಿನಲ್ಲೇ ಒಂದು ಸಾಲು ಬರ್ಕೊಳ್ಳಿ. "ಬಿಸಿ ಕಬ್ಬಿಣದ ಮೇಲೆ ನೀರಿನ ಆವಿ ಹಾಯಿಸಿದಾಗ ಕಬ್ಬಿಣದ ಆಕ್ಸೈಡ್ ಉಂಟಾಗಿ ಹೈಡ್ರೋಜನ್ ಬಿಡುಗಡೆಯಾಗುತ್ತದೆ" ಅಂತಿದ್ರೆ:

ಕಬ್ಬಿಣ + ನೀರಿನ ಆವಿ → ಕಬ್ಬಿಣದ ಆಕ್ಸೈಡ್ + ಹೈಡ್ರೋಜನ್

"ಉಂಟಾಗುತ್ತದೆ, ಬಿಡುಗಡೆಯಾಗುತ್ತದೆ, ಪ್ರಕ್ಷೇಪಗೊಳ್ಳುತ್ತದೆ" ಅನ್ನೋ ಕ್ರಿಯಾಪದಗಳ ಜೊತೆ ಬರೋದೆಲ್ಲಾ ಬಾಣದ ಬಲಕ್ಕೆ. ವಾಕ್ಯದ ಕೊನೇಲಿ "ಜೊತೆಗೆ ನೀರೂ ಉತ್ಪತ್ತಿಯಾಗುತ್ತದೆ" ಅಂತ ಇರೋದನ್ನ ಬಿಟ್ಟುಬಿಡೋದು ಇಲ್ಲಿ ಆಗೋ ದೊಡ್ಡ ತಪ್ಪು. ಒಂದು ವಸ್ತು ಬಿಟ್ಟು ಹೋದ್ರೆ ಮುಂದೆ ನೀವು ಎಷ್ಟು ಬುದ್ಧಿವಂತಿಕೆ ತೋರಿಸಿದ್ರೂ ಆ ಸಮೀಕರಣ ಸರಿದೂಗಲ್ಲ.

## ಹಂತ 2: ಸೂತ್ರ ಸರಿ ಬರೆಯೋದು (ಎಲ್ಲಕ್ಕಿಂತ ಜಾಸ್ತಿ ಹೊತ್ತು ಇಲ್ಲೇ ಕೊಡಿ)

ಬ್ಯಾಲೆನ್ಸಿಂಗ್ ಬರಲ್ಲ ಅಂತ ಬರೋ ಮಕ್ಕಳಲ್ಲಿ ಜಾಸ್ತಿ ಜನಕ್ಕೆ ನಿಜವಾಗಿ ಬರದೇ ಇರೋದು ಸೂತ್ರ ಬರೆಯೋದು. ಇದು ಒಂಬತ್ತನೇ ಕ್ಲಾಸಿನ ವಿಷಯ, ಅಲ್ಲಿ ಜಾರಿದ್ದು ಇಲ್ಲಿ ಬಂದು ಕಾಡುತ್ತೆ.

ವಿಧಾನ ನಿಮಗೆ ಗೊತ್ತಿರೋದೇ. ಎರಡು ಧಾತುವಿನ ವೇಲೆನ್ಸಿ ಬರೆದು ಅಡ್ಡಡ್ಡ ಬದಲಾಯಿಸಿ ಕೆಳಗೆ ಇಳಿಸೋದು. ಅಲ್ಯೂಮಿನಿಯಂ 3, ಆಕ್ಸಿಜನ್ 2, ಅದಲು ಬದಲು ಮಾಡಿದ್ರೆ ಎಎಲ್₂ಓ₃. ಮೆಗ್ನೀಷಿಯಂ 2, ಆಕ್ಸಿಜನ್ 2, ಬದಲಾಯಿಸಿದ್ರೆ ಎಂಜಿ₂ಓ₂ ಬರುತ್ತೆ, ಎರಡೂ ಒಂದೇ ಆಗಿರೋದ್ರಿಂದ ಹೊಡೆದು ಎಂಜಿ-ಓ. ಗುಂಪು ಬಂದ್ರೆ, ಅದರ ಕೆಳಗೆ 2 ಅಥವಾ ಅದಕ್ಕಿಂತ ಜಾಸ್ತಿ ಬರೋದಾದ್ರೆ ಬ್ರಾಕೆಟ್ ಹಾಕಲೇಬೇಕು: ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಸಿಎ(ಓ-ಎಚ್)₂. ಬ್ರಾಕೆಟ್ ಬಿಟ್ಟು ಸಿಎ-ಓ-ಎಚ್₂ ಅಂತ ಬರೆದ್ರೆ ಆಕ್ಸಿಜನ್ ಒಂದೇ ಆಗ್ಬಿಡುತ್ತೆ.

ತಪ್ಪು ಸೂತ್ರ ಏನು ಮಾಡುತ್ತೆ ಅಂತ ಒಂದ್ಸಲ ಕಣ್ಣಾರೆ ನೋಡಿ. ಸೋಡಿಯಂ ಹೈಡ್ರಾಕ್ಸೈಡ್ ಜೊತೆ ಸಲ್ಫ್ಯೂರಿಕ್ ಆಮ್ಲ ಸೇರಿ ಸೋಡಿಯಂ ಸಲ್ಫೇಟ್ ಮತ್ತು ನೀರು ಆಗುತ್ತೆ. ಹುಡುಗ ಸೋಡಿಯಂ ಸಲ್ಫೇಟನ್ನ ಎನ್ಎ-ಎಸ್-ಓ₄ ಅಂತ ಬರೆದ ಅಂದ್ಕೊಳ್ಳಿ:

ಎನ್ಎ-ಓ-ಎಚ್ + ಎಚ್₂ಎಸ್-ಓ₄ → ಎನ್ಎ-ಎಸ್-ಓ₄ + ಎಚ್₂ಓ

ಇಲ್ಲಿ ಒಂದು ಸೋಡಿಯಂಗೆ ಒಂದು ಸಲ್ಫೇಟ್, ಹಾಗಾಗಿ ಎಡಗಡೆ ಎರಡೂ ವಸ್ತು ಸಮಸಮ ಇರಲೇಬೇಕು. ಒಂದೊಂದು ತಗೊಂಡ್ರೆ ಎಡಗಡೆ ಹೈಡ್ರೋಜನ್ 3, ಸಲ್ಫೇಟ್ ಬಿಟ್ಟು ಉಳಿದ ಆಕ್ಸಿಜನ್ 1. ನೀರಿಗೆ ಒಂದು ಆಕ್ಸಿಜನ್‌ಗೆ ಎರಡೇ ಹೈಡ್ರೋಜನ್ ಸಾಕು. ಒಂದು ಹೈಡ್ರೋಜನ್ ಉಳ್ಕೊಂಡೇ ಉಳ್ಕೊಳ್ಳುತ್ತೆ. 2 ಹಾಕಿ, 10 ಹಾಕಿ, 100 ಹಾಕಿ, ಉಳಿಯೋದು ತಪ್ಪಲ್ಲ. ಸೋಡಿಯಂ ವೇಲೆನ್ಸಿ 1, ಸಲ್ಫೇಟ್ 2, ಹಾಗಾಗಿ ಎನ್ಎ₂ಎಸ್-ಓ₄ ಅಂತ ತಿದ್ದಿದ ಮರುಕ್ಷಣ ಎರಡೇ ಹೆಜ್ಜೇಲಿ ಮುಗಿಯುತ್ತೆ:

2ಎನ್ಎ-ಓ-ಎಚ್ + ಎಚ್₂ಎಸ್-ಓ₄ → ಎನ್ಎ₂ಎಸ್-ಓ₄ + 2ಎಚ್₂ಓ

ಇದಕ್ಕಿಂತ ಅಪಾಯ ಇನ್ನೊಂದಿದೆ. ಕೆಲವು ತಪ್ಪು ಸೂತ್ರಗಳು ತಕರಾರಿಲ್ಲದೆ ಸರಿದೂಗಿಬಿಡುತ್ತೆ. ಮೆಗ್ನೀಷಿಯಂ ಪಟ್ಟಿ ಉರಿಯೋದನ್ನ ಎಂಜಿ + ಓ₂ → ಎಂಜಿ-ಓ₂ ಅಂತ ಬರೆದ್ರೆ ಎಡಕ್ಕೂ ಬಲಕ್ಕೂ ಎಣಿಕೆ ಸರಿ, ನೋಡೋಕೆ ಚೆನ್ನಾಗಿದೆ, ಉತ್ತರ ಪೂರ್ತಿ ತಪ್ಪು. ಅದಕ್ಕೇ "ಎಣಿಕೆ ಸರಿ ಬಂತಲ್ಲ" ಅನ್ನೋದು ಸೂತ್ರ ಸರಿ ಅನ್ನೋದಕ್ಕೆ ಸಾಕ್ಷಿ ಆಗಲ್ಲ. ಸೂತ್ರವನ್ನ ವೇಲೆನ್ಸಿ ಪಟ್ಟಿ ನೋಡಿ ಬೇರೆಯಾಗೇ ಪರೀಕ್ಷೆ ಮಾಡಬೇಕು.

ಜೋಡಿಯಾಗಿ ಇರೋ ಧಾತುಗಳನ್ನ ಬಾಯಿಪಾಠ ಮಾಡಿ. ಹೈಡ್ರೋಜನ್, ನೈಟ್ರೋಜನ್, ಆಕ್ಸಿಜನ್, ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್, ಒಟ್ಟು 7. ಇವು ಬೇರೆ ಯಾವ ಧಾತುವಿನ ಜೊತೆಯೂ ಸೇರದೆ ಇದ್ದಾಗ ಎಚ್₂, ಎನ್₂, ಓ₂, ಹೀಗೆ 2 ಇಟ್ಕೊಂಡೇ ಬರುತ್ತೆ. ಸಂಯುಕ್ತದ ಒಳಗೆ ಹೋದ್ಮೇಲೆ ಆ 2 ಕಡ್ಡಾಯ ಅಲ್ಲ, ವೇಲೆನ್ಸಿ ಹೇಳಿದ ಹಾಗೆ. ಎನ್ಎ-ಸಿಎಲ್ ಬರೆಯೋ ಬದಲು ಎನ್ಎ-ಸಿಎಲ್₂ ಬರೆಯೋರೆಲ್ಲಾ ಇಲ್ಲೇ ಗೊಂದಲ ಮಾಡ್ಕೊಂಡಿರೋರು.

ಕಬ್ಬಿಣದ ವಿಷಯದಲ್ಲಿ ಹುಷಾರು. ನೀರಿನ ಆವಿಯ ಜೊತೆ ಬರೋ ಆಕ್ಸೈಡ್ ಎಫ್ಇ₃ಓ₄. ಇದು ಅಡ್ಡಡ್ಡ ಬದಲಾಯಿಸೋ ವಿಧಾನಕ್ಕೆ ಸಿಗಲ್ಲ, ಯಾಕಂದ್ರೆ ಇದರೊಳಗೆ ಎರಡೂ ವೇಲೆನ್ಸಿಯ ಕಬ್ಬಿಣ ಇದೆ. ನೆನಪಿಟ್ಕೊಳ್ಳೋದೇ ದಾರಿ.

## ಹಂತ 3: ಸೂತ್ರಕ್ಕೆ ಡಬ್ಬಿ ಹಾಕಿ, ಇನ್ನು ಮುಟ್ಟಬೇಡಿ

ಪ್ರತಿ ಸೂತ್ರದ ಸುತ್ತ ಪೆನ್ಸಿಲಲ್ಲಿ ಒಂದು ಚೌಕ ಹಾಕಿ. ಚೌಕದ ಒಳಗೆ ಇರೋದು ಯಾವುದೂ ಇನ್ನು ಬದಲಾಗಲ್ಲ. ಅಂಕಿ ಬರೋದು ಚೌಕದ ಹೊರಗೆ, ಎಡಕ್ಕೆ, ದೊಡ್ಡದಾಗಿ. ಅದಕ್ಕೆ ಸಹಗುಣಕ ಅಂತಾರೆ. ಮಕ್ಕಳಿಗೆ ಇದು ಚಿಕ್ಕ ಮಕ್ಕಳ ಕೆಲಸ ಅನ್ಸುತ್ತೆ, ಆದ್ರೆ ನನ್ನ ಹತ್ರ ಬರೋರಲ್ಲಿ ಇದೊಂದೇ ಅಭ್ಯಾಸದಿಂದ ತಪ್ಪು ಅರ್ಧಕ್ಕರ್ಧ ಇಳಿದಿರೋದನ್ನ ನೋಡಿದ್ದೀನಿ.

ಯಾಕೆ ಮುಟ್ಟಬಾರದು? ಎಚ್₂ + ಓ₂ → ಎಚ್₂ಓ ಅಂತ ಇದೆ, ಬಲಗಡೆ ಒಂದು ಆಕ್ಸಿಜನ್ ಕಮ್ಮಿ. ಓ ಕೆಳಗೆ 2 ಸೇರಿಸಿ ಎಚ್₂ಓ₂ ಮಾಡಿದ್ರೆ ಎಣಿಕೆ ಸರಿಹೋಗುತ್ತೆ, ಆದ್ರೆ ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್. ಗಾಯ ತೊಳೆಯೋಕೆ ಮೆಡಿಕಲ್ ಶಾಪಲ್ಲಿ ಕೊಡೋ ಆ ನೊರೆ ಬರೋ ದ್ರಾವಣ ಇದರದ್ದೇ, ಕುಡಿಯೋ ಹಾಗಿಲ್ಲ. ಹಾಗೇ ಸಿ-ಓ₂ ನಾವು ಉಸಿರಲ್ಲಿ ಹೊರಗೆ ಬಿಡೋ ಅನಿಲ, ಅದರಿಂದ ಒಂದು ಆಕ್ಸಿಜನ್ ತೆಗೆದು ಸಿ-ಓ ಮಾಡಿದ್ರೆ ಪ್ರಾಣ ತೆಗೆಯೋ ಕಾರ್ಬನ್ ಮಾನಾಕ್ಸೈಡ್. ಕೆಳಗಿನ ಚಿಕ್ಕ ಅಂಕಿ ಅದು ಯಾವ ವಸ್ತು ಅಂತ ಹೇಳುತ್ತೆ, ಎದುರಿಗಿರೋ ದೊಡ್ಡ ಅಂಕಿ ಆ ವಸ್ತು ಎಷ್ಟು ಅಂತ ಹೇಳುತ್ತೆ.

ಸಹಗುಣಕವನ್ನ ಸೂತ್ರದ ನಡುವೆ ತೂರಿಸೋದೂ ಇದೇ ಜಾತಿ ತಪ್ಪು. ಎಚ್₂2ಓ ಅಂತ ಬರೆದದ್ದನ್ನೂ ನೋಡಿದ್ದೀನಿ. ಚೌಕ ಇದ್ರೆ ಆ ಪ್ರಶ್ನೇನೇ ಬರಲ್ಲ.

## ಹಂತ 4: ಎಣಿಕೆ ಪಟ್ಟಿ

ಸಮೀಕರಣದ ಕೆಳಗೆ ಮೂರು ಕಾಲಂ: ಧಾತು, ಎಡಗಡೆ ಎಷ್ಟು, ಬಲಗಡೆ ಎಷ್ಟು. ಬಾಯಲ್ಲಿ ಎಣಿಸೋದು ಬೇಡ, ಬರೀರಿ.

ಎಣಿಸುವಾಗ ಎಡವೋದು ಬ್ರಾಕೆಟ್ಟಲ್ಲಿ. ಎಎಲ್₂(ಎಸ್-ಓ₄)₃ ತಗೊಳ್ಳಿ. ಬ್ರಾಕೆಟ್ ಹೊರಗಿನ 3 ಒಳಗಿರೋ ಎಲ್ಲಕ್ಕೂ ಅನ್ವಯ: ಗಂಧಕ 3, ಆಕ್ಸಿಜನ್ 4 × 3 = 12. ಅಲ್ಯೂಮಿನಿಯಂ ಬ್ರಾಕೆಟ್ ಹೊರಗಿದೆ, ಅದು 2 ಅಷ್ಟೇ. ಈಗ ಇದರ ಎದುರಿಗೆ ಸಹಗುಣಕ 2 ಬಂದ್ರೆ ಪೂರ್ತಿ ಸೂತ್ರ ಎರಡರಷ್ಟಾಗುತ್ತೆ: ಅಲ್ಯೂಮಿನಿಯಂ 4, ಗಂಧಕ 6, ಆಕ್ಸಿಜನ್ 24. ಇದನ್ನ ಪುಸ್ತಕ ನೋಡದೆ ಹೇಳೋಕೆ ಬಂದ್ರೆ ಮುಂದೆ ಹೋಗಿ. ಬರ್ಲಿಲ್ಲ ಅಂದ್ರೆ ಇಲ್ಲೇ ನಿಂತು ಇಂಥ ಹತ್ತು ಸೂತ್ರ ಎಣಿಸಿ.

ಒಂದೇ ಧಾತು ಒಂದೇ ಕಡೆ ಎರಡು ವಸ್ತುವಲ್ಲಿ ಇದ್ರೆ ಎರಡನ್ನೂ ಕೂಡಬೇಕು. ಇದನ್ನ ಮರೆಯೋರು ತುಂಬಾ ಜನ.

ಎಣಿಸಿದಾಗ ಮೊದಲೇ ಸಮ ಇದ್ರೆ ನಿಲ್ಲಿಸಿ. ಸುಟ್ಟ ಸುಣ್ಣಕ್ಕೆ ನೀರು ಹಾಕಿದ್ರೆ ಕುದ್ದು ಅರಳಿದ ಸುಣ್ಣ ಆಗುತ್ತಲ್ಲ, ಸಿಎ-ಓ + ಎಚ್₂ಓ → ಸಿಎ(ಓ-ಎಚ್)₂, ಅದು ಬರೆದಾಗ್ಲೇ ಸರಿ ಇದೆ. ಪ್ರಶ್ನೇಲಿ ಸರಿದೂಗಿಸಿ ಅಂತ ಇದೆ ಅನ್ನೋ ಒಂದೇ ಕಾರಣಕ್ಕೆ ಸುಮ್ನೆ ಎಲ್ಲೋ 2 ಹಾಕೋದು ಬೇಡ.

## ಹಂತ 5: ಯಾವ ಧಾತುವಿನಿಂದ ಶುರು ಮಾಡೋದು

"ಹೈಡ್ರೋಜನ್ ಆಕ್ಸಿಜನ್ ಕೊನೆಗೆ" ಅಂತ ಎಲ್ಲರೂ ಹೇಳ್ಕೊಡ್ತಾರೆ. ಅದು ಜಾಸ್ತಿ ಸಲ ಸರಿ, ಆದ್ರೆ ಅದರ ಹಿಂದಿನ ಕಾರಣ ಗೊತ್ತಿಲ್ಲದೆ ಪಾಲಿಸಿದ್ರೆ ಕೆಲವು ಕಡೆ ಸಿಕ್ಕಿಹಾಕ್ಕೊಳ್ತೀರ. ನಿಜವಾದ ಕ್ರಮ ಇದು:

ಮೊದಲು, ಎಡಕ್ಕೂ ಬಲಕ್ಕೂ ಒಂದೊಂದೇ ವಸ್ತುವಲ್ಲಿ ಇರೋ ಧಾತು. ಅದರಲ್ಲೂ ಅತಿ ದೊಡ್ಡ, ತುಂಬಾ ಪರಮಾಣು ಇರೋ ಸೂತ್ರದೊಳಗೆ ಇರೋದನ್ನ ಆರಿಸ್ಕೊಳ್ಳಿ.

ಆಮೇಲೆ, ಒಂದೇ ಕಡೆ ಎರಡು ಮೂರು ವಸ್ತುವಲ್ಲಿ ಹರಡಿಕೊಂಡಿರೋ ಧಾತು.

ಕಟ್ಟಕಡೆಗೆ, ಒಂಟಿಯಾಗಿ ನಿಂತಿರೋ ಧಾತು, ಅಂದ್ರೆ ಓ₂, ಎಚ್₂, ಎಫ್ಇ, ಸಿಎಲ್₂ ಥರದ್ದು. ಯಾಕಂದ್ರೆ ಇದರ ಎದುರಿಗೆ ಯಾವ ಅಂಕಿ ಹಾಕಿದ್ರೂ ಬೇರೆ ಯಾವ ಧಾತುವಿನ ಎಣಿಕೆಯೂ ಅಲುಗಾಡಲ್ಲ. ಕೊನೇಲಿ ಸರಿ ಮಾಡೋಕೆ ಅಂತ ಇದನ್ನ ಬಿಟ್ಕೊಂಡಿರಬೇಕು, ಮೊದಲೇ ಖರ್ಚು ಮಾಡಿಬಿಡಬಾರದು.

ಕಬ್ಬಿಣ ಮತ್ತು ಆವಿ ತಗೊಂಡು ನೋಡೋಣ: ಎಫ್ಇ + ಎಚ್₂ಓ → ಎಫ್ಇ₃ಓ₄ + ಎಚ್₂

ಇಲ್ಲಿ ಆಕ್ಸಿಜನ್ ಎರಡೂ ಕಡೆ ಒಂದೊಂದೇ ವಸ್ತುವಲ್ಲಿದೆ. ಕಬ್ಬಿಣ ಮತ್ತು ಹೈಡ್ರೋಜನ್ ಎರಡೂ ಒಂದೊಂದು ಕಡೆ ಒಂಟಿಯಾಗಿ ನಿಂತಿವೆ. ಹಾಗಾಗಿ ಆಕ್ಸಿಜನ್‌ನಿಂದಲೇ ಶುರು. ಬಲಗಡೆ 4, ಎಡಗಡೆ 1, ನೀರಿಗೆ 4 ಹಾಕಿ. ಈಗ ಹೈಡ್ರೋಜನ್ ಎಡಗಡೆ 8, ಬಲಗಡೆ ಎಚ್₂ ಎದುರಿಗೆ 4. ಕೊನೆಗೆ ಕಬ್ಬಿಣಕ್ಕೆ 3.

3ಎಫ್ಇ + 4ಎಚ್₂ಓ → ಎಫ್ಇ₃ಓ₄ + 4ಎಚ್₂

ಮೂರೇ ಹೆಜ್ಜೆ, ಒಂದ್ಸಲವೂ ಹಿಂದಕ್ಕೆ ಹೋಗಿ ಅಳಿಸಲಿಲ್ಲ. ಆಕ್ಸಿಜನ್ ಕೊನೆಗೆ ಅಂತ ಹಟ ಹಿಡಿದು ಹೈಡ್ರೋಜನ್‌ನಿಂದ ಶುರು ಮಾಡಿದ್ರೆ ಅದು 2 ಮತ್ತು 2, ಸರಿ ಇದೆ ಅಂತ ಬಿಟ್ಟು ಮುಂದೆ ಹೋಗ್ತೀರ, ಆಮೇಲೆ ಆಕ್ಸಿಜನ್ ಬಂದು ಅದನ್ನ ಕೆಡಿಸುತ್ತೆ.

ಈಗ ಗ್ಯಾಸ್ ಸ್ಟವ್ ಉದಾಹರಣೆ. ಎಲ್‌ಪಿಜಿ ಸಿಲಿಂಡರಲ್ಲಿ ಇರೋದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್. ಪ್ರೊಪೇನ್ ಉರಿಯೋದು: ಸಿ₃ಎಚ್₈ + ಓ₂ → ಸಿ-ಓ₂ + ಎಚ್₂ಓ. ಕಾರ್ಬನ್ 3, ಹಾಗಾಗಿ 3ಸಿ-ಓ₂. ಹೈಡ್ರೋಜನ್ 8, ಹಾಗಾಗಿ 4ಎಚ್₂ಓ. ಬಲಗಡೆ ಆಕ್ಸಿಜನ್ 6 + 4 = 10, ಅಂದ್ರೆ 5ಓ₂. ಇಂಧನ ಉರಿಯೋ ಎಲ್ಲಾ ಪ್ರಶ್ನೆಗೂ ಕಾರ್ಬನ್, ಹೈಡ್ರೋಜನ್, ಆಕ್ಸಿಜನ್ ಅನ್ನೋ ಇದೇ ಸಾಲು.

ಗ್ಲೂಕೋಸ್ ಬಂದಾಗ ಮಾತ್ರ ಒಂದು ಹಳ್ಳ ಇದೆ. ಸಿ₆ಎಚ್₁₂ಓ₆ + ಓ₂ → 6ಸಿ-ಓ₂ + 6ಎಚ್₂ಓ ತನಕ ಎಲ್ಲರೂ ಬರ್ತಾರೆ. ಬಲಗಡೆ ಆಕ್ಸಿಜನ್ 12 + 6 = 18. ತಕ್ಷಣ 9ಓ₂ ಅಂತ ಬರೆದುಬಿಡ್ತಾರೆ. ಗ್ಲೂಕೋಸ್ ಒಳಗೇ 6 ಆಕ್ಸಿಜನ್ ಇದೆಯಲ್ಲ, ಅದನ್ನ ಕಳೆದ್ರೆ ಬೇಕಾಗಿರೋದು 12, ಹಾಗಾಗಿ 6ಓ₂.

## ಹಂತ 6: ಗುಂಪು ಒಡೀದೇ ಇದ್ರೆ ಗುಂಪಾಗೇ ಎಣಿಸಿ

ಬಿಎ-ಸಿಎಲ್₂ + ಎಎಲ್₂(ಎಸ್-ಓ₄)₃ → ಎಎಲ್-ಸಿಎಲ್₃ + ಬಿಎ-ಎಸ್-ಓ₄

ಸಲ್ಫೇಟ್ ಎಡಕ್ಕೂ ಇದೆ, ಬಲಕ್ಕೂ ಹಾಗೇ ಇದೆ. ಗಂಧಕ ಬೇರೆ, ಆಕ್ಸಿಜನ್ ಬೇರೆ ಎಣಿಸೋ ಬದಲು "ಸಲ್ಫೇಟ್" ಅಂತ ಒಂದೇ ಸಾಲು ಬರೀರಿ. ಎಡಗಡೆ ಸಲ್ಫೇಟ್ 3, ಹಾಗಾಗಿ 3ಬಿಎ-ಎಸ್-ಓ₄. ಅಲ್ಯೂಮಿನಿಯಂ 2, ಹಾಗಾಗಿ 2ಎಎಲ್-ಸಿಎಲ್₃. ಬೇರಿಯಂ ಬಲಗಡೆ 3, ಹಾಗಾಗಿ 3ಬಿಎ-ಸಿಎಲ್₂. ಕ್ಲೋರಿನ್ ಎಡಗಡೆ 6, ಬಲಗಡೆ 6, ತಾನಾಗೇ ಸರಿಹೋಯ್ತು.

ಆಮ್ಲ ಮತ್ತು ಪ್ರತ್ಯಾಮ್ಲ ಸೇರೋ ಪ್ರಶ್ನೆಗೆ ನೀರನ್ನ ರಫ್ ಹಾಳೇಲಿ ಎಚ್-ಓ-ಎಚ್ ಅಂತ ಬರ್ಕೊಂಡ್ರೆ ಸುಲಭ, ಆಮ್ಲದಿಂದ ಒಂದು ಎಚ್, ಪ್ರತ್ಯಾಮ್ಲದಿಂದ ಒಂದು ಓ-ಎಚ್. ಸಿಎ(ಓ-ಎಚ್)₂ ಇದ್ರೆ ಎರಡು ಓ-ಎಚ್, ಹಾಗಾಗಿ ಎಚ್-ಎನ್-ಓ₃ ಎರಡು ಬೇಕು, ನೀರೂ ಎರಡು.

ಗುಂಪು ಬಲಗಡೆ ಹಾಗೇ ಕಾಣಿಸದಿದ್ರೆ ಈ ಉಪಾಯ ಮುಟ್ಟಬೇಡಿ. ಸೀಸದ ನೈಟ್ರೇಟ್ ಬಿಸಿ ಮಾಡಿದ್ರೆ ಕಂದು ಬಣ್ಣದ ಹೊಗೆ ಬರುತ್ತಲ್ಲ, ಅಲ್ಲಿ ನೈಟ್ರೇಟ್ ಒಡೆದು ಎನ್-ಓ₂ ಆಗುತ್ತೆ. ಪಿಬಿ(ಎನ್-ಓ₃)₂ → ಪಿಬಿ-ಓ + ಎನ್-ಓ₂ + ಓ₂. ಇಲ್ಲಿ ನೈಟ್ರೋಜನ್ ಬೇರೆ, ಆಕ್ಸಿಜನ್ ಬೇರೆಯಾಗೇ ಎಣಿಸಬೇಕು. ನೈಟ್ರೋಜನ್ 2, ಹಾಗಾಗಿ 2ಎನ್-ಓ₂. ಆಕ್ಸಿಜನ್ ಎಡಗಡೆ 6, ಬಲಗಡೆ ಓ₂ ಬಿಟ್ಟು 1 + 4 = 5. ಒಂದೇ ಒಂದು ಕಮ್ಮಿ, ಅಂದ್ರೆ ಅರ್ಧ ಓ₂. ಅರ್ಧ ಬಂದ್ರೆ ಏನು ಮಾಡೋದು ಅನ್ನೋದೇ ಮುಂದಿನ ಹಂತ.

## ಹಂತ 7: ಅರ್ಧ ಬಂದ್ರೆ ಹೆದರಬೇಡಿ

ರಫ್ ಹಾಳೇಲಿ ಅರ್ಧ ಬರಬಹುದು, ಏನೂ ತೊಂದ್ರೆ ಇಲ್ಲ. ಕೊನೇಲಿ ಎಲ್ಲಾ ಸಹಗುಣಕಗಳನ್ನೂ 2ರಿಂದ ಗುಣಿಸಿ. ಮೇಲಿನದು ಹೀಗಾಗುತ್ತೆ:

2ಪಿಬಿ(ಎನ್-ಓ₃)₂ → 2ಪಿಬಿ-ಓ + 4ಎನ್-ಓ₂ + ಓ₂

ಬ್ಯೂಟೇನ್‌ಗೂ ಇದೇ. ಸಿ₄ಎಚ್₁₀ ಉರಿದ್ರೆ 4ಸಿ-ಓ₂, 5ಎಚ್₂ಓ, ಆಕ್ಸಿಜನ್ ಒಟ್ಟು 13, ಅಂದ್ರೆ 13/2 ಓ₂. ಎಲ್ಲಾ ಎರಡರಷ್ಟು ಮಾಡಿ: 2ಸಿ₄ಎಚ್₁₀ + 13ಓ₂ → 8ಸಿ-ಓ₂ + 10ಎಚ್₂ಓ. ಗುಣಿಸುವಾಗ ಸಹಗುಣಕ ಬರೀದೇ ಇರೋ ಸೂತ್ರಕ್ಕೆ 1 ಇದೆ ಅನ್ನೋದನ್ನ ಮರೆತು ಬ್ಯೂಟೇನನ್ನ ಹಾಗೇ ಬಿಟ್ಟುಬಿಡ್ತಾರೆ, ಅಲ್ಲಿಗೆ ಅಷ್ಟೂ ಹೊತ್ತಿನ ಕೆಲಸ ಹಾಳು. ಅದಕ್ಕೆ ರಫ್‌ನಲ್ಲಿ 1 ಅನ್ನೂ ಬರೆದಿಡಿ, ಫೇರ್ ಮಾಡುವಾಗ ತೆಗೀರಿ.

ಒಂದು ಕಡೆ 2, ಇನ್ನೊಂದು ಕಡೆ 3 ಇದ್ದಾಗ ಲಸಾಅ ತಗೊಳ್ಳೋದೂ ಒಂದು ದಾರಿ. ಎಎಲ್ + ಓ₂ → ಎಎಲ್₂ಓ₃ ನಲ್ಲಿ ಆಕ್ಸಿಜನ್ 2 ಮತ್ತು 3, ಲಸಾಅ 6, ಹಾಗಾಗಿ 3ಓ₂ ಮತ್ತು 2ಎಎಲ್₂ಓ₃, ಆಮೇಲೆ 4ಎಎಲ್. ಅರ್ಧದ ದಾರಿಯಲ್ಲಿ ಹೋದ್ರೂ ಇದೇ ಉತ್ತರ.

## ಹಂತ 8: ಯಾವ ದಾರಿಯೂ ಹತ್ತಲಿಲ್ಲ ಅಂದ್ರೆ ಬೀಜಗಣಿತ

ಐದು ನಿಮಿಷ ಆದ್ರೂ ಬರ್ಲಿಲ್ಲ, ಸೂತ್ರಗಳೆಲ್ಲಾ ಸರಿ ಇದೆ ಅಂತ ಎರಡು ಸಲ ನೋಡಿ ಆಗಿದೆ, ಆಗ ಊಹೆ ಬಿಟ್ಟು ಇದಕ್ಕೆ ಬನ್ನಿ. ಪ್ರತಿ ವಸ್ತುವಿಗೂ ಒಂದೊಂದು ಅಕ್ಷರ ಇಡಿ:

ಅ ಕೆ-ಎಂಎನ್-ಓ₄ + ಬ ಎಚ್-ಸಿಎಲ್ → ಕ ಕೆ-ಸಿಎಲ್ + ಡ ಎಂಎನ್-ಸಿಎಲ್₂ + ಪ ಎಚ್₂ಓ + ರ ಸಿಎಲ್₂

ಪ್ರತಿ ಧಾತುವಿಗೂ ಒಂದು ಸಾಲು. ಪೊಟ್ಯಾಸಿಯಂ: ಅ = ಕ. ಮ್ಯಾಂಗನೀಸ್: ಅ = ಡ. ಆಕ್ಸಿಜನ್: 4ಅ = ಪ. ಹೈಡ್ರೋಜನ್: ಬ = 2ಪ. ಕ್ಲೋರಿನ್: ಬ = ಕ + 2ಡ + 2ರ.

ಈಗ ಅ ಅನ್ನ 1 ಅಂತ ಇಟ್ಕೊಳ್ಳಿ. ಕ 1, ಡ 1, ಪ 4, ಬ 8 ಸಾಲಾಗಿ ಬರುತ್ತೆ. ಕ್ಲೋರಿನ್ ಸಾಲಲ್ಲಿ ಹಾಕಿದ್ರೆ 8 = 1 + 2 + 2ರ, ಅಂದ್ರೆ ರ = 5/2. ಎಲ್ಲವನ್ನೂ 2ರಿಂದ ಗುಣಿಸಿದ್ರೆ:

2ಕೆ-ಎಂಎನ್-ಓ₄ + 16ಎಚ್-ಸಿಎಲ್ → 2ಕೆ-ಸಿಎಲ್ + 2ಎಂಎನ್-ಸಿಎಲ್₂ + 8ಎಚ್₂ಓ + 5ಸಿಎಲ್₂

16 ಅನ್ನೋದು ಊಹೆಯಲ್ಲಿ ಬೇಗ ಹೊಳೆಯೋ ಅಂಕಿ ಅಲ್ಲ, ಹಾಗಾಗಿ ಇಂಥದ್ದಕ್ಕೆ ಈ ವಿಧಾನ ಬೇಕೇಬೇಕು. ಹಾಗಂತ ಸಣ್ಣಪುಟ್ಟ ಸಮೀಕರಣಕ್ಕೆಲ್ಲಾ ಇದನ್ನ ಹಿಡಿಯಬೇಡಿ, ಪರೀಕ್ಷೇಲಿ ಟೈಮ್ ಸಾಲಲ್ಲ.

## ಹಂತ 9: ಕೊನೇ ಪರೀಕ್ಷೆ

ಹಳೇ ಎಣಿಕೆ ಪಟ್ಟೀನ ನಂಬಬೇಡಿ. ಕೊನೇ ಸಮೀಕರಣ ಇಟ್ಕೊಂಡು ಹೊಸದಾಗಿ, ಮೊದಲಿಂದ ಎಣಿಸಿ. ಮಧ್ಯದಲ್ಲಿ ತಿದ್ದಿದ ಅಂಕಿ ಹಳೇ ಪಟ್ಟೀಲಿ ಬದಲಾಗಿರಲ್ಲ.

ಎಲ್ಲಾ ಸಹಗುಣಕವೂ ಒಂದೇ ಅಂಕಿಯಿಂದ ಭಾಗ ಆಗುತ್ತಾ ನೋಡಿ. 4, 2, 4 ಬಂದಿದ್ರೆ 2, 1, 2 ಮಾಡಬೇಕು. ಒಂದಾದ್ರೂ ಭಾಗ ಆಗಲ್ಲ ಅಂದ್ರೆ ಹಾಗೇ ಬಿಡಿ.

ಅನುಮಾನ ಇದ್ರೆ ತೂಕದಲ್ಲಿ ನೋಡಿ. 2ಎಂಜಿ + ಓ₂ → 2ಎಂಜಿ-ಓ ನಲ್ಲಿ ಮೆಗ್ನೀಷಿಯಂ 24, ಆಕ್ಸಿಜನ್ 16 ತಗೊಂಡ್ರೆ ಎಡಗಡೆ 48 + 32 = 80, ಬಲಗಡೆ 2 × 40 = 80.

ಘನ, ದ್ರವ, ಅನಿಲ, ಜಲೀಯ ಅನ್ನೋ ಸ್ಥಿತಿ ಸೂಚಕಗಳನ್ನ ಪ್ರಶ್ನೇಲಿ ಕೇಳಿದ್ರೆ ಈಗ ಸೇರಿಸಿ, ಮೊದಲೇ ಬರೆದ್ರೆ ಕಣ್ಣಿಗೆ ಅಡ್ಡ ಬರುತ್ತೆ.

## ದಾರಿ ತಪ್ಪಿದೆ ಅನ್ನೋದರ ಸೂಚನೆಗಳು

ಒಂದೇ ವಸ್ತುವಿನ ಎದುರಿಗೆ ಮೂರನೇ ಸಲ ಅಂಕಿ ಬದಲಾಯಿಸ್ತಿದ್ದೀರ ಅಂದ್ರೆ ಅಲ್ಲೇ ನಿಲ್ಲಿಸಿ. ಶುರು ಮಾಡಿದ ಧಾತು ತಪ್ಪು. ಎಲ್ಲಾ ಅಳಿಸಿ ಹಂತ 5ಕ್ಕೆ ವಾಪಸ್.

ಒಂದು ಧಾತು ಎಡಗಡೆ ಇದೆ, ಬಲಗಡೆ ಎಲ್ಲೂ ಇಲ್ಲ ಅಂದ್ರೆ ಹಂತ 1ರಲ್ಲಿ ಒಂದು ವಸ್ತು ಬಿಟ್ಟಿದ್ದೀರ, ಇಲ್ಲಾ ಸೂತ್ರ ನಕಲು ಮಾಡುವಾಗ ಅಕ್ಷರ ತಪ್ಪಿದೆ.

ಸಹಗುಣಕ ಏರ್ತಾ ಏರ್ತಾ 20 ದಾಟಿದ್ರೆ, ಶಾಲೆ ಮಟ್ಟದ ಪ್ರಶ್ನೇಲಿ ಅದು ಹೆಚ್ಚುಕಮ್ಮಿ ಯಾವಾಗ್ಲೂ ಸೂತ್ರದ ತಪ್ಪು. ಅಂಕಿ ತಿದ್ದೋದು ಬಿಟ್ಟು ವೇಲೆನ್ಸಿ ಪಟ್ಟಿ ತೆಗೀರಿ.

ಎಷ್ಟೇ ದೊಡ್ಡ ಅಂಕಿ ಹಾಕಿದ್ರೂ ಒಂದು ಪರಮಾಣು ಉಳೀತಾನೇ ಇದ್ರೆ, ಮೇಲೆ ಸೋಡಿಯಂ ಸಲ್ಫೇಟಲ್ಲಿ ನೋಡಿದ ಹಾಗೆ, ಅದೂ ಸೂತ್ರದ ತಪ್ಪೇ.

## ಯಾವ ಕ್ರಮದಲ್ಲಿ ಅಭ್ಯಾಸ ಮಾಡೋದು

ದಿನಕ್ಕೆ ಐದು, ಹತ್ತು ದಿನ. ಒಂದೇ ದಿನ ಐವತ್ತು ಮಾಡಿದ್ರೆ ಕೊನೇ ಇಪ್ಪತ್ತರಲ್ಲಿ ಕೈ ತಾನಾಗೇ ಓಡುತ್ತೆ, ತಲೆ ಓಡಲ್ಲ. ಕೆಳಗಿನವು ಸುಲಭದಿಂದ ಕಷ್ಟಕ್ಕೆ ಇವೆ, ಸಹಗುಣಕಗಳನ್ನ ಸಾಲಾಗಿ ಕೊಟ್ಟಿದ್ದೀನಿ, ಕಾಗದ ಮುಚ್ಚಿಟ್ಟು ಮಾಡಿ ಆಮೇಲೆ ನೋಡಿ.

1. ಎನ್₂ + ಎಚ್₂ → ಎನ್-ಎಚ್₃. ಉತ್ತರ 1, 3, 2.

2. ಕೆ-ಸಿಎಲ್-ಓ₃ → ಕೆ-ಸಿಎಲ್ + ಓ₂. ಉತ್ತರ 2, 2, 3.

3. ಎಫ್ಇ-ಎಸ್-ಓ₄ → ಎಫ್ಇ₂ಓ₃ + ಎಸ್-ಓ₂ + ಎಸ್-ಓ₃. ಉತ್ತರ 2, 1, 1, 1. ಕಬ್ಬಿಣದಿಂದ ಶುರು ಮಾಡಿದ್ರೆ ಒಂದೇ ಹೆಜ್ಜೆ, ಆಕ್ಸಿಜನ್‌ನಿಂದ ಶುರು ಮಾಡಿದ್ರೆ ನಾಲ್ಕು ಕಡೆ ಹುಡುಕಬೇಕು.

4. ಎಫ್ಇ₂ಓ₃ + ಸಿ-ಓ → ಎಫ್ಇ + ಸಿ-ಓ₂. ಉತ್ತರ 1, 3, 2, 3. ಬ್ಲಾಸ್ಟ್ ಫರ್ನೇಸಿನಲ್ಲಿ ಅದಿರಿನಿಂದ ಕಬ್ಬಿಣ ತೆಗೆಯೋ ಕ್ರಿಯೆ ಇದು. ಪ್ರತಿ ಸಿ-ಓ ಒಂದೇ ಒಂದು ಆಕ್ಸಿಜನ್ ಕಿತ್ಕೊಂಡು ಸಿ-ಓ₂ ಆಗುತ್ತೆ, ಅದಿರಲ್ಲಿ ಮೂರು ಆಕ್ಸಿಜನ್ ಇದೆ, ಹಾಗಾಗಿ ಮೂರು ಸಿ-ಓ. ಹೀಗೆ ಯೋಚನೆ ಮಾಡಿದ್ರೆ ಎಣಿಕೆ ಪಟ್ಟಿಯೂ ಬೇಡ.

5. ಎನ್-ಎಚ್₃ + ಓ₂ → ಎನ್-ಓ + ಎಚ್₂ಓ. ಉತ್ತರ 4, 5, 4, 6. ಹೈಡ್ರೋಜನ್‌ಗೆ ಲಸಾಅ 6 ತಗೊಳ್ಳಿ, ಓ₂ ಕೊನೆಗೆ ಬಿಡಿ, ನಡುವೆ 5/2 ಬರುತ್ತೆ, ಎರಡರಿಂದ ಗುಣಿಸಿ.

6. ಸಿಯು + ಎಚ್-ಎನ್-ಓ₃ → ಸಿಯು(ಎನ್-ಓ₃)₂ + ಎನ್-ಓ + ಎಚ್₂ಓ. ಉತ್ತರ 3, 8, 3, 2, 4. ಸಿಯು ಅಂದ್ರೆ ತಾಮ್ರ. ನೈಟ್ರೇಟ್ ಒಂದಷ್ಟು ಹಾಗೇ ಉಳಿಯುತ್ತೆ, ಒಂದಷ್ಟು ಒಡೆಯುತ್ತೆ, ಅದಕ್ಕೆ ಗುಂಪಾಗಿ ಎಣಿಸೋ ಉಪಾಯ ಇಲ್ಲಿ ಕೈಕೊಡುತ್ತೆ. ಹಂತ 8ರ ವಿಧಾನದಲ್ಲಿ ಮಾಡಿ, ಬಂದ ಉತ್ತರವನ್ನ ಧಾತು ಧಾತು ಎಣಿಸಿ: ನೈಟ್ರೋಜನ್ ಎಡಗಡೆ 8, ಬಲಗಡೆ 6 + 2. ಆಕ್ಸಿಜನ್ ಎಡಗಡೆ 24, ಬಲಗಡೆ 18 + 2 + 4.